ಕುಂಟು ಮಗ್ಗದ ತಾಳ

ಬನಹಟ್ಟಿಯ ಮಹಾಲಿಂಗಪ್ಪ ಹಾಸಿಗೆಯಿಂದ ಏಳುವಾಗ ಅವನ ಸುಸ್ತೂ ಜೊತೆಗೇ ಏಳುತ್ತಿತ್ತು. ಮೀಸೆ ಮೂಡುವ ಮೊದಲಿನಿಂದ ಪವರ್‌ಲೂಮಿನ ಮುಂದೆ ನಿಂತ ಕಾಲು ಅವು. ಈಗ ಮೊಣಕಾಲು, ಭುಜ, ಸೊಂಟ ಒಂದೊಂದಾಗಿ ಕೈಕೊಟ್ಟಿದ್ದವು. ಈ ಮಗ್ಗ ಬಿಟ್ಟು ಕೂತು ಮಾಡುವ ಕೆಲಸ ಏನಾದರೂ ಹಿಡಿಯಬೇಕು, ಅಷ್ಟೇ ಅವನ ಆಸೆ. ಆದರೆ ನೇಯುವುದು ಬಿಟ್ಟರೆ ಅವನಿಗೆ ಬರುತ್ತಿದ್ದದ್ದು ಇನ್ನೊಂದೇ ವಿದ್ಯೆ, ಕ್ಯಾಸಿಯೊ ಕೀಬೋರ್ಡು ಬಾರಿಸುವುದು. ಅದರಿಂದ ಯಾರ ಹೊಟ್ಟೆ ತುಂಬಿದ್ದನ್ನು ಆ ಓಣಿ ಕಂಡಿರಲಿಲ್ಲ.

ಭಜನಾ ಮೇಳದಲ್ಲಿ ಪೇಟಿ, ಅಂದರೆ ಹಾರ್ಮೋನಿಯಂ, ಕಲಿತಿದ್ದ. ಮೇಳದವರು ಬೇಡವೆಂದು ಬಿಟ್ಟ ಹಳೆಯ ಕ್ಯಾಸಿಯೊ ಮನೆಗೆ ಬಂದ ಮೇಲೆ ಹಾಡಿನ ಗೊಡವೆ ಬಿಟ್ಟು ತನ್ನದೇ ಧಾಟಿ ಕಟ್ಟತೊಡಗಿದ. ಮನೆಯೆಂದರೆ ಮುಂದೆ ಮಗ್ಗ, ಹಿಂದೆ ಅಡುಗೆಮನೆ, ನಡುವೆ ಹಲಗೆಯ ಗೋಡೆ. ಮಧ್ಯಾಹ್ನ ಹೆಂಡತಿ ಶೇವಂತಿ ಮಗ್ಗ ನೋಡಿಕೊಳ್ಳುವಾಗ ಈ ಪುಣ್ಯಾತ್ಮ ಹಲಗೆಗೆ ಬೆನ್ನು ಕೊಟ್ಟು, ತೊಡೆಯ ಮೇಲೆ ಕ್ಯಾಸಿಯೊ ಇಟ್ಟುಕೊಂಡು ಕೂರುತ್ತಿದ್ದ. ಮನುಷ್ಯರ ಮಾತೇ ಕೇಳದ ಆ ಗದ್ದಲದಲ್ಲಿ ಇವನಿಗೆ ಸ್ವರ ಕೇಳಿಸುತ್ತಿತ್ತಂತೆ! ಕರೆಂಟು ಹೋದರೆ ಮಗ್ಗವೂ ಬಂದ್, ಕ್ಯಾಸಿಯೊ ಕೂಡ ಬಂದ್.

ಮಗ್ಗವೋ, ಕುಂಟು ಮಗ್ಗ. ಲಾಳಿಯನ್ನು ಎಡಗಡೆಯಿಂದ ಹೊಡೆಯುವ ಕೋಲು ಸವೆದು, ಆ ಕಡೆಯ ಏಟು ಚೂರು ತಡವಾಗಿ, ಚೂರು ಮೆತ್ತಗೆ ಬೀಳುತ್ತಿತ್ತು. ಮೇಲಿಂದ ಮೇಲೆ ನೂಲು ಹರಿಯುತ್ತಿತ್ತು. ಹರಿದಾಗಲೆಲ್ಲ ಬಗ್ಗಿ ಗಂಟು ಹಾಕಬೇಕು. "ಈ ಕುಂಟಿ ನನ್ನ ಸೊಂಟಾ ಮುರದಾಳ ನೋಡ" ಎಂದು ದಿನಾ ಬೈಯುತ್ತಿದ್ದ. ಮಗ್ಗ ರಿಪೇರಿ ಮಾಡುವ ಸಾಬಣ್ಣನೋ, ಇವತ್ತು ಬರ್ತೀನಿ ನಾಳೆ ಬರ್ತೀನಿ ಅಂತ ಮಳೆಗಾಲ ಪೂರ್ತಿ ಆಟ ಆಡಿಸಿದ್ದ.

ಹೀಗಿರುವಾಗ ಜಮಖಂಡಿಯಲ್ಲಿ ಮದುವೆ ವೀಡಿಯೊ ತೆಗೆಯುವ ಗಂಗಾರಾಮ ಇವನ ಸುದ್ದಿ ಯಾರಿಂದಲೋ ಕೇಳಿ ಹೇಳಿಕಳಿಸಿದ. ಸಿನಿಮಾ ಹಾಡು ಕೇಳಿ ಮಂದಿಗೆ ಬೇಸರ ಬಂದಿದೆ, ಬರೀ ವಾದ್ಯದ ಧಾಟಿ ಬೇಕು, ಒಂದು ಹೊಂದಿದರೆ ಮುಂದಿನ ಮದುವೆಗಳಿಗೆಲ್ಲ ನೀವೇ ಅಂದಿದ್ದ. ಮಹಾಲಿಂಗಪ್ಪ ಕ್ಯಾಸಿಯೊವನ್ನು ಹಳೆ ಸೀರೆಯಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದ.

ಗಂಗಾರಾಮನ ಕೋಣೆಯ ಗೋಡೆಗೆಲ್ಲ ಗೋಣಿತಾಟು ಹೊಡೆದಿತ್ತು. ಬಾಗಿಲು ಹಾಕಿದರೆ ಹೊರಗಿನ ಒಂದು ಸದ್ದೂ ಒಳಗೆ ಬರುತ್ತಿರಲಿಲ್ಲ. ಮಹಾಲಿಂಗಪ್ಪ ಬಾರಿಸಲು ಶುರುಮಾಡಿದ, ನಾಲ್ಕು ಸ್ವರ ದಾಟುವುದರೊಳಗೆ ದಾರಿ ತಪ್ಪಿದ. ಮತ್ತೆ ಶುರುಮಾಡಿದ, ಮತ್ತೆ ತಪ್ಪಿದ.

"ಕಾಕಾ, ಧಾಟಿ ಛಲೋ ಐತಿ," ಎಂದ ಗಂಗಾರಾಮ. "ತಾಳ ಎಲ್ಲೈತಿ?"

ಮಹಾಲಿಂಗಪ್ಪ ಕಕ್ಕಾಬಿಕ್ಕಿಯಾದ. ತಾಳ ಹಾಕಬೇಕೆಂಬುದೇ ಅವನಿಗೆ ಎಂದೂ ಹೊಳೆದಿರಲಿಲ್ಲ. ಮನೆಯಲ್ಲಿ ಅದು ಗೋಡೆಯಾಚೆ ಬೀಳುತ್ತಲೇ ಇರುತ್ತಿತ್ತಲ್ಲ. ಕ್ಯಾಸಿಯೊದಲ್ಲಿದ್ದ ತಾಳದ ಗುಂಡಿಗಳನ್ನೆಲ್ಲ ಒತ್ತಿ ನೋಡಿದರು, ಒಂದೂ ಹೊಂದಲಿಲ್ಲ. ಕೊನೆಗೆ ತೊಡೆ ತಟ್ಟಿ ತೋರಿಸಿದ. ಗಂಗಾರಾಮ ಮೇಜು ಬಡಿದು ನೋಡಿದ, ಅವನ ಕೈಗೆ ಆ ಕುಂಟು ಬರಲಿಲ್ಲ.

"ಇದು ಎಲ್ಲಿದು, ಕಾಕಾ?"

"ನಮ್ಮ ಮಗ್ಗದ್ದಪಾ."

"ಹಂಗಾರ ಮಗ್ಗದ ಕೂಡಾನ ಬಾರಿಸಿ ತುಂಬಿಕೊಂಡ ಬರ್ರಿ." ಗಂಗಾರಾಮ ಒಂದು ಟೇಪ್ ರೆಕಾರ್ಡರ್ ಕೊಟ್ಟ. "ನಾಳಿ ಮುಂಜಾನಿ ಬೇಕ ನೋಡ್ರಿ. ಬೀಗರು ಕುಂತಾರ. ಇಲ್ಲಂದ್ರ ಸಿನಿಮಾ ಹಾಡ ಹಾಕಿ ಕೊಟ್ಟಬಿಡ್ತೀನಿ, ಮುಂದಿನ ಮದುವಿಗೂ ಅದಾ."

ವಾಪಸು ಬರುವಾಗ ಮಹಾಲಿಂಗಪ್ಪನಿಗೆ ಮಗ್ಗದ ಮೇಲೆ ಮೊದಲ ಸಲ ಪ್ರೀತಿ ಹುಟ್ಟಿತ್ತು. ಇಷ್ಟು ವರ್ಷ ಬೈದೆನಲ್ಲ, ಈ ಕುಂಟಿಯೇ ನನ್ನನ್ನು ದಡ ಸೇರಿಸುತ್ತಾಳೆ ಅಂದುಕೊಂಡ. ಬಸ್ಸಿನಲ್ಲಿ ಕೂರಲು ಜಾಗವೂ ಸಿಕ್ಕಿತ್ತು.

ಓಣಿಯ ತಿರುವಿಗೆ ಬಂದಾಗ ಖಟ್ ಖಟ್ ಸದ್ದು ಕೇಳಿಸಿತು. ಎರಡೂ ಏಟು ಒಂದೇ ಸಮ. ಪಕ್ಕದವರ ಮಗ್ಗವಿರಬೇಕೆಂದುಕೊಂಡ. ಪಕ್ಕದ ಮನೆಗೆ ಬೀಗ ಬಿದ್ದಿತ್ತು.

ಶೇವಂತಿ ಮುಖ ಅರಳಿಸಿಕೊಂಡು ನಿಂತಿದ್ದಳು. "ಸಾಬಣ್ಣನ ಮನಿಗೇ ಹೋಗಿ ಜಗಳಾ ತಗದು ಕರಕೊಂಡ ಬಂದೆ ನೋಡ್ರಿ. ಹೊಸಾ ಕೋಲ ಹಾಕ್ಯಾನ. ಆವಾಗಿಂದ ಒಂದ ಎಳಿ ಹರದಿಲ್ಲ. ಇನ್ನ ನೀವು ಬಗ್ಗೂದು ತಪ್ಪಿತು."

ಅವನು ಹಲಗೆಗೆ ಬೆನ್ನು ಕೊಟ್ಟು ಕೂತು ರೆಕಾರ್ಡರ್ ಹಚ್ಚಿ ಬಾರಿಸಿದ. ಬೆರಳುಗಳು ಆ ತಡವಾದ ಏಟಿಗೆ ಕಾದವು, ಅದು ಬರಲಿಲ್ಲ. ಮಗ್ಗ ಮುಂದೆ ಹೋಯಿತು, ಧಾಟಿ ಹಿಂದೆ ಉಳಿಯಿತು. ಇನ್ನೊಮ್ಮೆ ನೋಡಿದ. ಆಮೇಲೆ ರೆಕಾರ್ಡರ್ ಬಂದ್ ಮಾಡಿ ಮಗ್ಗದ ಹತ್ತಿರ ಬಂದ.

"ಹಳೇ ಕೋಲ ಎಲ್ಲಿಟ್ಟಿ?"

"ಒಲಿಗೆ ಹಾಕಿದೆ. ದಣದು ಬರ್ತೀರಿ ಅಂತ ಅದರಾಗ ನೀರ ಕಾಸೀನಿ. ಲಗೂನ ಮೈ ತೊಳಕೋರಿ, ಆರಿ ಹೋಗ್ತಾವ." ಅವಳು ಅವನ ಮುಖ ನೋಡಿದಳು. "ಯಾಕ್ರಿ, ಹೋದ ಕೆಲಸಾ ಆಗಲಿಲ್ಲೇನು?"

"ಆಗಲಿಲ್ಲ ಬಿಡು. ನೀ ಛಲೋ ಮಾಡಿದಿ."

ಬಚ್ಚಲಲ್ಲಿ ಕೂತು ಸೊಂಟದ ಮೇಲೆ ತಂಬಿಗೆ ತಂಬಿಗೆ ಸುರಿದುಕೊಂಡ. ಆಚೆ ಮಗ್ಗ ಒಮ್ಮೆಯೂ ನಿಲ್ಲದೆ ಓಡುತ್ತಿತ್ತು. ನೀರು ಹದವಾಗಿ ಕಾದಿತ್ತು, ಸೊಂಟದ ನೋವು ಖರೇನೇ ಇಳಿಯಿತು. ಅದಕ್ಕೇ ಅವನಿಗೆ ಅಳು ಬಂತು.