ವೈಜನಾಥನ ಜಿಗರ್ ಮತ್ತು ಕಲ್ಯಾಣದ ದಾರಿ

ನಾನು ಹೆಚ್ಚಿಸಿ ಹೇಳುವವನಲ್ಲ. ನನ್ನ ಗೆಳೆಯ ವೈಜನಾಥ ಆ ಸಂಜೆ ಖಾಲಿ ಹೊಟ್ಟೆಯಲ್ಲಿ ಕುಡಿದ ಸೇಂದಿಯಲ್ಲಿ ಹುಮನಾಬಾದಿನ ಎಮ್ಮೆಗಳೆಲ್ಲ ಈಜಾಡಬಹುದಿತ್ತು. ಮರುದಿನ ಮಧ್ಯಾಹ್ನ ಬಸವಕಲ್ಯಾಣದಲ್ಲಿ ಕನ್ಯೆ ನೋಡುವುದಿತ್ತು. ಹುಡುಗಿಯ ತಂದೆ ಮಹಾರುದ್ರಪ್ಪನವರು ಮೊದಲೇ ಹೇಳಿ ಕಳಿಸಿದ್ದರು: ಕುಡಿದ ವಾಸನೆ ಬಂದರೆ ಬಂದ ದಾರಿಯಲ್ಲೇ ವಾಪಸ್.

ಬೆಳಿಗ್ಗೆ ನೋಡಿದರೆ ಅವನ ಉಸಿರಿಗೆ ಗೋಡೆಯ ಹಲ್ಲಿಗಳು ಜೋಲಿ ಹೊಡೆದು ಬೀಳುತ್ತಿದ್ದವು. ನಾನು ಬಿಟ್ಟೆನೇ? ಅರ್ಧ ಬಾವಿ ನೀರು ತಲೆಗೆ ಸುರಿದೆ. ನಿಂಬೆ, ಮಜ್ಜಿಗೆ, ಕಡಕ್ ಚಹಾ ಕುಡಿಸಿದೆ, ಲವಂಗ ಅಗಿಸಿದೆ. ಸೇಂದಿಗೆ ಲವಂಗದ ಘಮ ಸೇರಿತು, ಅಷ್ಟೇ. ಕೊನೆಗೆ ಹಕೀಮ್ ಖಮರುದ್ದೀನ್ ಸಾಹೇಬರ ಮುಂದೆ ಕೂರಿಸಿದೆ.

"ಬಾಯಿ ತೊಳದ್ರ ಏನಾಗ್ತದೋ? ಅದು ರಕ್ತದಾಗ ಕೂತದ, ಎದಿಯಾಗಿಂದ ಉಸಿರಿಗೆ ಬರಾಕತ್ತದ," ಎಂದರು ಹಕೀಮರು. "ಉಂಡು ಕುಡಿದಿದ್ರ ಸಾವಕಾಶ ಏರ್ತಿತ್ತು. ಖಾಲಿ ಹೊಟ್ಟಿ, ಒಮ್ಮೆಲೇ ಏರ್ಯದ."

"ಇಳಿಸೋ ದವಾ ಕೊಡ್ರಿ, ಸಾಹೇಬ್ರ," ಎಂದೆ ನಾನು.

"ದವಾ ಇಲ್ಲ. ಬೆವರು, ಉಸಿರು, ಮೂತ್ರದಾಗ ಹೋಗೋದು ಚೂರು. ಉಳಿದದ್ದೆಲ್ಲ ಜಿಗರ್ ಕರಗಿಸಬೇಕು." ಬಲ ಪಕ್ಕೆಯ ಕೆಳಗೆ, ಯಕೃತ್ತು ಇರುವಲ್ಲಿ, ಬೆರಳಿಟ್ಟು ತೋರಿಸಿದರು. "ಅದು ಗಾಣದ ಎತ್ತು. ಹೊಡದ್ರೂ ಅಷ್ಟೇ, ಮುದ್ದು ಮಾಡಿದ್ರೂ ಅಷ್ಟೇ, ತನ್ನ ನಡಿಗೀಲೇ ತಿರುಗ್ತದ. ಸಂಜೀತನಕ ಬಿಡ್ರಿ."

ಅಂದರೆ ಬೇಕಾದದ್ದು ಹೊತ್ತು. ಅದನ್ನು ಹುಟ್ಟಿಸುವ ತಲೆ ಇಡೀ ತಾಲೂಕಿನಲ್ಲಿ ನನಗೊಬ್ಬನಿಗೇ ಇತ್ತು. ಬಸ್ಸಿನ ಕಂಡಕ್ಟರನ ಕೈಯಲ್ಲಿ ಮಹಾರುದ್ರಪ್ಪನವರಿಗೆ ಸುದ್ದಿ ಕಳಿಸಿದೆ: "ವರ ಬಸವಣ್ಣಗ ಹರಕಿ ಹೊತ್ತಾನ, ಬರಿಗಾಲಿಲೆ ನಡಕೊಂತ ಬರಾಕತ್ತಾನ. ಸಂಜೀಕ ಮುಟ್ತಾನ."

"ಅಷ್ಟು ದೂರಾನಾ? ಸಾಯ್ತೀನಲೇ!" ಎಂದ ವೈಜನಾಥ.

"ಅಲ್ಲಿ ಹೋಗಿ ಸಾಯಿ. ಅಳಾಕ ಹೆಂಡ್ತಿ ಆದ್ರೂ ಸಿಗ್ತಾಳ."

ದಾರಿಯುದ್ದಕ್ಕೂ ಸೂರ್ಯ ಅವನೊಬ್ಬನ ಹೆಗಲ ಮೇಲೇ ಕೂತಿದ್ದ. ಅವನ ಬೆವರಿಗೆ ಒಣಗಿದ ತೊಗರಿ ಮತ್ತೆ ಚಿಗುರಿತು. ಕಬ್ಬಿನ ಟ್ರ್ಯಾಕ್ಟರಿನವನೊಬ್ಬ ಪಾಪವೆಂದು ಹತ್ತಿಸಿಕೊಳ್ಳಲು ಬಂದರೆ ಬೈದು ಓಡಿಸಿದೆ. ಊರೂರಿಗೂ ಅವನ ಬಾಯಿ ಮೂಸುತ್ತ ನಡೆದೆ.

ದೀಪ ಹಚ್ಚುವ ಹೊತ್ತಿಗೆ ಕಲ್ಯಾಣ ಮುಟ್ಟಿದೆವು. ಮಹಾರುದ್ರಪ್ಪನವರು ಅಂಗಳಕ್ಕೇ ಬಂದು ವೈಜನಾಥನನ್ನು ಅಪ್ಪಿಕೊಂಡು, ಉದ್ದಕ್ಕೆ ಮೂಗೆಳೆದರು. ನನ್ನ ಎದೆ ಬಡಿತ ಬೀದರಿಗೆ ಕೇಳಿಸಿರಬೇಕು. ಧೂಳು, ಬೆವರು; ಬೇರೇನೂ ಇಲ್ಲ. ಬೊಬ್ಬೆಯೆದ್ದ ಪಾದ ನೋಡಿ ಅವರ ಕಣ್ಣು ತುಂಬಿದವು.

"ಇಂಥಾ ಭಕ್ತ ಅಳಿಯ ಯಾರಿಗೆ ಸಿಗ್ತಾನ್ರಿ! ಇನ್ನ ಪ್ರತಿ ವರ್ಷಾ ಶ್ರಾವಣದಾಗ ನಾನೂ ಹುಮನಾಬಾದಕ್ಕ ಬಂದು ನಿಮ್ ಜೋಡಿ ನಡೀತೀನಿ, ಅಳಿಯಂದ್ರ."

ವೈಜನಾಥನ ಮುಖ ಬಿಳಿಚಿತು. ಕಾಲಿಗೆ ನೀರು ತಂದ ಹುಡುಗಿ ಸುಂದರಬಾಯಿ ಅದನ್ನು ನೋಡಿ ನಕ್ಕುಬಿಟ್ಟಳು. ಅಲ್ಲಿಗೆ ಸಂಬಂಧ ಗಟ್ಟಿ.

ಇಂದಿಗೂ ಮಾವ-ಅಳಿಯ ನಡೆಯುತ್ತಾರೆ. ನಾನು ಬಸ್ಸಿನಲ್ಲಿ ಮುಂದಾಗಿ ಹೋಗಿ, ಹೋಳಿಗೆ ತಿಂದು, ಇಬ್ಬರ ದಾರಿ ಕಾಯುತ್ತ ಅಂಗಳದಲ್ಲಿ ಒರಗುತ್ತೇನೆ.