ಮೈಲೇಶನ ಅಳತೆಯ ಪಟ

ಆಷಾಢದ ಗಾಳಿ ಬಂತೆಂದರೆ ನಮ್ಮ ಮೇಡ್ಲೇರಿಯ ಹೆಂಗಸರಿಗೆ ಒಂದು ಕೆಲಸ ಹೆಚ್ಚು. ಒಣಹಾಕಿದ ಬಟ್ಟೆ ಯಾರ ಹಿತ್ತಿಲಲ್ಲಿ ಬಿದ್ದಿದೆ ಎಂದು ಹುಡುಕಿಕೊಂಡು ಹೋಗುವುದು. ನನ್ನದೊಂದು ಲಂಗ ಈ ವರ್ಷ ಶಾಲೆಯ ಬೇಲಿಯ ಮೇಲೆ ಸಿಕ್ಕಿತು. ತರಲು ಹೋದಾಗ ಮಾಸ್ತರರು ಆ ಕಡೆ ಮುಖ ತಿರುಗಿಸಿಕೊಂಡರು, ದೇವರು ಅವರನ್ನು ಚೆನ್ನಾಗಿಟ್ಟಿರಲಿ. ಹಲಗೇರಿಯಲ್ಲಂತೂ ಉಳ್ಳಾಗಡ್ಡಿ ಶೆಡ್ಡಿನ ತಗಡೇ ಹಾರಿ ರಸ್ತೆಗೆ ಬಿತ್ತಂತೆ. ಇಂಥ ಗಾಳಿಯಲ್ಲಿ ನಮ್ಮ ಗಂಡಸರಿಗೆ ನೆನಪಾಗುವುದು ಏನು ಹೇಳಿ? ಪಟ, ಗಾಳಿಪಟ.

ನಾನು ಸುರೇಖಾ. ಹೊಲಿಗೆ ನನ್ನ ಕೆಲಸ. ಈ ಸಂಗತಿಯನ್ನು ಮಹಿಳಾ ಸಂಘದಲ್ಲಿ ಹೇಳಿದಾಗ, "ಬರದು ಕೊಡು, ನಾಕು ಊರಾಗ ಓದಿ ಹೇಳೂಣು" ಎಂದು ಎಲ್ಲರೂ ಗಂಟುಬಿದ್ದರು. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಪಕ್ಕದ ಮನೆ ಜಟ್ಟೆಪ್ಪಣ್ಣನದು. ಹೆಂಡತಿ ಕರೆವ್ವಕ್ಕ. ಮಗಳು ರೋಹಿಣಿ ಹುಟ್ಟಿದ ಮೇಲೆ ಆ ತಾಯಿಗೆ ಎರಡು ಕೂಸು ಉಳಿಯಲಿಲ್ಲ. ಆಮೇಲೆ ಉಳಿದವನು ಮೈಲೇಶ. ಅವನು ಹುಟ್ಟಿದ್ದು ಆಷಾಢದಲ್ಲಿ. ಅವರ ಮನೆಯಲ್ಲಿ ಹಿರಿಯರ ಕಾಲದಿಂದ ಒಂದು ಪದ್ಧತಿಯಿದೆ. ಗಂಡುಮಗನ ಉದ್ದಕ್ಕೆ ಸರಿಯಾಗಿ ಪಟ ಕತ್ತರಿಸಬೇಕು, ಆಷಾಢದಲ್ಲಿ ಅದನ್ನು ಏರಿಸಬೇಕು. ಪಟ ಏರಿದಂತೆ ಅವನ ಆಯುಷ್ಯವೂ ಏರಲಿ ಎಂದು. ಹಗ್ಗದ ತುದಿಯನ್ನು ಅವನ ನಡಕ್ಕೇ, ಸೊಂಟದ ಸುತ್ತ, ಕಟ್ಟಬೇಕು. ಪಟ ಕೈಬಿಟ್ಟು ಹೋದರೆ ಕೆಟ್ಟದ್ದು, ಮಗನ ಅಳತೆಗಿಂತ ಸಣ್ಣದಾದರೆ ಇನ್ನೂ ಕೆಟ್ಟದ್ದು ಎಂಬ ನಂಬಿಕೆ.

ಅವನು ಚಿಕ್ಕವನಿದ್ದಾಗ ಕಾಗದದ ಪಟ ನಡೆಯಿತು. ಈಗ ರಾಣೆಬೆನ್ನೂರಿನ ಕಾಲೇಜಿಗೆ ಹೋಗುವ ಮೈಲೇಶ ಬಾಗಿಲಲ್ಲಿ ತಲೆ ತಗ್ಗಿಸಿ ಬರುವಷ್ಟು ಬೆಳೆದಿದ್ದಾನೆ. ಉದ್ದ ಅಷ್ಟೇ, ಮೈಯಲ್ಲಿ ಮಾಂಸವಿಲ್ಲ. ಕಾಗದ ತಡೆಯುವುದಿಲ್ಲವೆಂದು ಛತ್ರಿ ಬಟ್ಟೆಯಲ್ಲಿ ನಾನೇ ಪಟ ಹೊಲಿದುಕೊಡುತ್ತೇನೆ. ಹೋದ ಕೆಲವು ವರ್ಷ ಗಾಳಿ ಮೆತ್ತಗಿತ್ತು, ಪಟ ಏರಿಸುವುದು ಸುಖವಾಗಿ ಮುಗಿದಿತ್ತು. ಈ ವರ್ಷವೂ ಹೊಲಿದು ಕೊಟ್ಟೆ. ಬಿದಿರಿನ ದಬ್ಬೆ ಕಟ್ಟಿ ಗೋಡೆಗೆ ಆನಿಸಿದರೆ ಬಾಗಿಲೇ ಮುಚ್ಚಿಹೋಯಿತು.

ಆಗ ರೋಹಿಣಿ ಊರಿಗೆ ಬಂದಿದ್ದಳು. ಗೋವಾದ ಕಡಲ ದಂಡೆಯ ಹೋಟೆಲಿಗೆ ಕೆಲಸಕ್ಕೆಂದು ಹೋದ ಹುಡುಗಿ ಅಲ್ಲಿ ಕೈಟ್ ಸರ್ಫಿಂಗ್ ಕಲಿತು, ಈಗ ಬಂದವರಿಗೆ ಅದನ್ನೇ ಕಲಿಸುತ್ತಾಳೆ. ಕಾಲ ಕೆಳಗೆ ಹಲಗೆ, ಮೇಲೆ ದೊಡ್ಡ ಪಟ. ಪಟ ಎಳೆದಂತೆ ಮನುಷ್ಯ ನೀರಿನ ಮೇಲೆ ಜಾರುತ್ತಾ ಹೋಗುತ್ತಾನೆ. ಮಳೆಗಾಲದಲ್ಲಿ ಕಡಲ ಆಟ ಬಂದ್, ಅದಕ್ಕೇ ಮನೆಗೆ ಬರುತ್ತಾಳೆ. "ಪಟ ಹಾರಸೂದಕ್ಕ ಪಗಾರ ಕೊಡ್ತಾರಂತ" ಎಂದು ನಮ್ಮೂರಿನ ಕಟ್ಟೆಯ ಮೇಲೆ ಇನ್ನೂ ನಗುವವರಿದ್ದಾರೆ.

ಅವಳು ಆ ಪಟ ನೋಡಿದಳು, ಅಂಗಳಕ್ಕೆ ಹೋಗಿ ಗಾಳಿಗೆ ಮುಖ ಕೊಟ್ಟು ನಿಂತಳು, ಒಳಗೆ ಬಂದಳು.

"ಅಪ್ಪಾ, ಈ ಗಾಳ್ಯಾಗ ಇದು ಬ್ಯಾಡ."

"ಯಾಕವ್ವಾ? ಗಾಳಿ ಜೋರ ಐತಿ, ಪಟಾನೂ ದೊಡ್ಡದು ಬೇಕಲ್ಲ" ಎಂದ ಜಟ್ಟೆಪ್ಪಣ್ಣ.

"ಉಲ್ಟಾ ಐತಿ ಲೆಕ್ಕ. ಗಾಳಿ ಮೆತ್ತಗಿದ್ರ ದೊಡ್ಡ ಪಟ, ಜೋರಾದ್ರ ಸಣ್ಣ ಪಟ. ಗಾಳಿ ಎರಡರಷ್ಟಾದ್ರ ಎಳೆತ ನಾಕರಷ್ಟ ಆಗ್ತೈತಿ. ನಾವು ದಿನಾ ಮುಂಜಾನೆ ಗಾಳಿ ಅಳದು, ಮನಷ್ಯಾನ ತೂಕ ಕೇಳಿ, ಆಮ್ಯಾಲೆ ಪಟ ಕೊಡ್ತೇವಿ. ಹಗೂರ ಇದ್ದಾವಗ ಇನ್ನೂ ಸಣ್ಣದು. ನಮ್ಮ ಮೈಲೇಶ ಎಷ್ಟ ಹಗೂರ ಅದಾನ ನೋಡು."

"ನೀವು ನೀರಿನ ಮ್ಯಾಲೆ ಆಡವ್ರು. ನಮ್ಮದು ನೆಲ."

"ನೀರಾಗ ಬಿದ್ರ ತೊಯ್ತೇವಿ ಅಪ್ಪಾ. ನೆಲದ ಮ್ಯಾಲೆ ಬಿದ್ರ ಎಲುವು ಮುರೀತಾವು."

ಮೈಲೇಶ ನಡುವೆ ಬಾಯಿ ಹಾಕಿದ. "ಈಗ ಅಷ್ಟೇನ ಜೋರ ಇಲ್ಲಲ್ಲಕ್ಕಾ. ನಿಂತೈತಿ ನೋಡು."

"ನಿಂತಾಗ ನೋಡಿ ಪಟ ಆರಿಸಬಾರದು. ಬೀಸಿದಾಗ ನೋಡಿ ಆರಿಸಬೇಕು. ನಮ್ಮಲ್ಲಿ ಎಂಥಾ ಜೋರ ಗಾಳಿಯಾದ್ರೂ ಒಂದು ಜಗ್ಗಿದ್ರ ಪಟ ಬಿಟ್ಟು ಹೋಗೂಹಂಗ ಕಟ್ಟಿರ್ತೇವಿ. ನಿನ್ನ ನಡಕ್ಕ ಗಂಟ ಹಾಕಿದ್ರ ಹೆಂಗ ಬಿಡಸ್ಕೋತಿ?"

ಕರೆವ್ವಕ್ಕ ಒಲೆಯ ಮುಂದಿನಿಂದಲೇ ಹೇಳಿದಳು, "ಸಣ್ಣದು ಮಾತ್ರ ಬ್ಯಾಡವ್ವಾ. ನನಗ ಹೆದರಿಕಿ ಆಗ್ತೈತಿ." ಆ ಹೆದರಿಕೆ ಎಲ್ಲಿಂದ ಬಂದದ್ದೆಂದು ನಮಗೆಲ್ಲ ಗೊತ್ತು. ಎರಡು ಕೂಸು ಕಳೆದುಕೊಂಡ ತಾಯಿಗೆ ಮೂಢನಂಬಿಕೆ ಎಂದು ಭಾಷಣ ಮಾಡಲು ನನಗಂತೂ ನಾಲಿಗೆ ಏಳಲಿಲ್ಲ.

ರೋಹಿಣಿಯೂ ಭಾಷಣ ಮಾಡಲಿಲ್ಲ. "ಆತು, ಇದನ್ನ ಹಾರಸೂಣು. ಆದ್ರ ಮೊದಲ ಮೈಲೇಶನ ಬದ್ಲಿ ಒಂದು ಗೋವಿನಜೋಳದ ಚೀಲಕ್ಕ ಕಟ್ಟೂಣು. ಇವನ ತೂಕ, ಅದರ ತೂಕ ಹೆಚ್ಚೂಕಡಿಮಿ ಒಂದ. ಚೀಲ ಅಲ್ಲಾಡಲಿಲ್ಲ ಅಂದ್ರ ಆಮ್ಯಾಲೆ ಇವನಿಗೆ ಕಟ್ರಿ. ನಾ ಸುಮ್ಮನಾಗ್ತೇನಿ" ಎಂದಳು.

ಜಟ್ಟೆಪ್ಪಣ್ಣ ನಕ್ಕ. "ತುಂಬಿದ ಚೀಲಾನ ಪಟ ಎಳೀತೈತೇನು? ನಡೀರಿ, ನೋಡೇಬಿಡೂಣು."

ಹೊಳೆಯ ಕಡೆಗಿನ ಖಾಲಿ ಹೊಲಕ್ಕೆ ಹೋದೆವು. ಅಲ್ಲಿ ಕರೆಂಟಿನ ತಂತಿಯಿಲ್ಲ ಎಂದು ನೋಡಿಯೇ ರೋಹಿಣಿ ಜಾಗ ಆರಿಸಿದ್ದಳು. ಚೀಲವನ್ನು ಮೈಲೇಶ ನಿಲ್ಲಬೇಕಾದ ಜಾಗದಲ್ಲೇ ಇಟ್ಟರು, ಹಗ್ಗವನ್ನು ಅದರ ನಡುವಿಗೆ ಕಟ್ಟಿದರು. ಜನರನ್ನೆಲ್ಲ ಅವಳು ಗಾಳಿ ಬರುವ ಕಡೆಗೆ ಸರಿಸಿ ನಿಲ್ಲಿಸಿದಳು. ತಂದೆ ಮಗ ಇಬ್ಬರೂ ಪಟ ಎತ್ತಿ ಹಿಡಿದು ಕೈಬಿಟ್ಟರು. ಅದು ಏರಿತು. ಚೀಲ ಅಲ್ಲಾಡಲಿಲ್ಲ.

"ಕಂಡಿಯಿಲ್ಲ?" ಎಂದು ಜಟ್ಟೆಪ್ಪಣ್ಣ ಮಗಳ ಕಡೆ ತಿರುಗಿದ.

ಅಷ್ಟರಲ್ಲಿ ಹೊಳೆಯ ಕಡೆಯಿಂದ ಗಾಳಿ ಎದ್ದಿತು. ಹಗ್ಗ ಬಿಗಿಯಾಗಿ ಗುಂಯ್ ಎಂದಿತು. ಚೀಲ ಒಮ್ಮೆ ಹೊರಳಿತು, ಆಮೇಲೆ ಹುಲ್ಲಿನ ಮೇಲೆ ಸರಸರ ಜಾರಿಕೊಂಡು ಹೋಯಿತು. ಜಟ್ಟೆಪ್ಪಣ್ಣ ಹಿಡಿಯಲು ಓಡಿದ, ರೋಹಿಣಿ ಅವನ ರಟ್ಟೆ ಹಿಡಿದು ನಿಲ್ಲಿಸಿದಳು. ಬದುವು ದಾಟುವಾಗ ಚೀಲ ನೆಲ ಬಿಟ್ಟು ಎದ್ದು ಮತ್ತೆ ಬಿತ್ತು. ಆಚೆಗೆ ವಿರೂಪಾಕ್ಷಪ್ಪನವರ ಮುಳ್ಳುತಂತಿಯ ಬೇಲಿ. ಚೀಲ ಅದಕ್ಕೆ ಹೋಗಿ ಬಡಿದು, ಈ ತುದಿಯಿಂದ ಆ ತುದಿಗೆ ಹರಿದುಹೋಯಿತು. ಕಾಳು ಸುರಿಯುತ್ತಲೇ ಇತ್ತು. ಚೀಲ ಹಗುರಾಗಿ ಹಗ್ಗ ಸಡಿಲವಾದ ಮೇಲೆ ಪಟ ಬೇಲಿಯಾಚೆ ಬಿತ್ತು.

ಮೈಲೇಶ ತನ್ನ ನಡಕ್ಕೆ ಕೈ ಇಟ್ಟುಕೊಂಡು ನಿಂತಿದ್ದ. ಕರೆವ್ವಕ್ಕ ಬೇಲಿಯವರೆಗೆ ನಡೆದು ಹೋಗಿ, ಹರಿದ ಚೀಲವನ್ನು ಮುಳ್ಳಿನಿಂದ ಮೆಲ್ಲಗೆ ಬಿಡಿಸಿದಳು. ಪಟದ ಹೊಲಿಗೆ ನನ್ನದೇ, ಅದರಲ್ಲಿ ಒಂದು ದಾರವೂ ಬಿಟ್ಟಿರಲಿಲ್ಲ.

ಜಟ್ಟೆಪ್ಪಣ್ಣನ ದನಿ ಇಳಿದಿತ್ತು. "ಖರೇ ಐತಿ ನೀ ಹೇಳಿದ್ದು. ಆದ್ರ ಹೆಂಗ ಮಾಡೂಣು ರೋಹಿಣಿ? ಸಣ್ಣ ಪಟ ಏರಿಸಿ ಇವನ ಆಯುಷ್ಯ ಮೊಟಕ ಮಾಡಿದಂಗ ಆಗ್ತೈತಿ ಅಂತ ನಮ್ಮವ್ವ ಹೇಳ್ತಿದ್ಲು. ಏರಿಸದ ಬಿಡಾಕೂ ಮನಸ ಬರೂದಿಲ್ಲ."

ಗಾಳಿಯ ಲೆಕ್ಕ ರೋಹಿಣಿಗೆ ಗೊತ್ತಿತ್ತು. ಈ ಮಾತಿಗೆ ಉತ್ತರ ಬಂದದ್ದು ಬೇಲಿಯ ಕಡೆಯಿಂದ.

"ಸುರೇಖಾ, ನಿನ್ನ ಟೇಪು ಐತಿಲ್ಲ?" ಎಂದಳು ಕರೆವ್ವಕ್ಕ. ಕೊರಳಲ್ಲೇ ಇತ್ತು. ಅವಳು ತನ್ನ ಎಡಗೈ ಚಾಚಿ, ಮೊಣಕೈಯಿಂದ ಬೆರಳ ತುದಿಯವರೆಗೆ ತೋರಿಸಿದಳು. "ಇದನ್ನ ಅಳಿ. ಇದರ ಮ್ಯಾಲೆ ನಾಕು ಬೆರಳು ಹಿಡಿ. ಇವ ಹುಟ್ಟಿದಾಗ ಇಷ್ಟ ಇದ್ದ. ಈ ಕೈಮ್ಯಾಲೆ ಮಲಗಿಸ್ಕೊಂಡಾಕಿ ನಾನ, ನನಗ ಮರ್ತಿಲ್ಲ. ಮೊದಲನೇ ಪಟ ನಮ್ಮತ್ತಿ ಇದ ಅಳತಿಗೆ ಕತ್ತರಿಸಿದ್ಲು. ಇದೂ ನನ್ನ ಮಗನ ಅಳತಿನ ಅಲ್ಲೇನು?"

ಜಟ್ಟೆಪ್ಪಣ್ಣ ಹೆಂಡತಿಯ ಚಾಚಿದ ಕೈಯನ್ನೇ ನೋಡುತ್ತಾ ನಿಂತ. ಆಮೇಲೆ, "ಅವಂದ ಐತಿ" ಎಂದ.

ಅಂದು ಸಂಜೆಯೊಳಗೆ ಪಟ ಹೊಲಿದೆ. ಮರುದಿನ ಅದೇ ಹೊಲದಲ್ಲಿ ಮೈಲೇಶ ಅದನ್ನು ಏರಿಸಿದ. ನಡಕ್ಕೆ ಏನೂ ಕಟ್ಟಿರಲಿಲ್ಲ, ಕೈಯಲ್ಲಿ ಒಂದು ಮರದ ಹಿಡಿಕೆ ಮಾತ್ರ. ಗಾಳಿ ಹಿಂದಿನ ದಿನದಷ್ಟೇ ಇತ್ತು. ಆ ಸಣ್ಣ ಪಟ ಹೊಳೆಯ ಮೇಲೆ ಎಷ್ಟು ಎತ್ತರ ಹೋಯಿತೆಂದರೆ ಕಣ್ಣು ಕಿರಿದು ಮಾಡಿ ಹುಡುಕಬೇಕಾಯಿತು. ಜಟ್ಟೆಪ್ಪಣ್ಣನೂ ಒಂದು ಗಳಿಗೆ ಹಿಡಿಯುತ್ತೇನೆಂದು ಮಗನ ಬೆನ್ನು ಹತ್ತಿದ.

ಆಮೇಲೆ ಪಡುವಣದಲ್ಲಿ ಮೋಡ ಕಪ್ಪಾಗಿ ದೊಡ್ಡ ಗಾಳಿ ಬಂತು. "ಬಿಡು" ಎಂದಳು ರೋಹಿಣಿ. ಮೈಲೇಶ ಅವ್ವನ ಮುಖ ನೋಡಿದ, ಹಿಡಿಕೆ ಕೈಬಿಟ್ಟ. ಪಟ ಕಬ್ಬಿನ ಗದ್ದೆಗಳಾಚೆ ಹೋಯಿತು. ನಾವೆಲ್ಲ ಕರೆವ್ವಕ್ಕನನ್ನೇ ನೋಡಿದೆವು. ಅವಳು ಮಗನ ತೋಳು ಹಿಡಿದುಕೊಂಡಿದ್ದಳು.

"ಹೋಗ್ಲಿ ಬಿಡು" ಎಂದಳು. "ಇವ ಇಲ್ಲೇ ಅದಾನಲ್ಲ."

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಆಷಾಢದಲ್ಲಿ ಪಟ ಏರುತ್ತದೆ. ಏರಲಿ. ಹೊರಗೆ ಹೋಗುವ ಮೊದಲು ಅಂಗಳದಲ್ಲಿ ನಿಂತು ಗಾಳಿ ನೋಡಿ, ಅದು ಜೋರಾಗಿದ್ದರೆ ಪಟ ಸಣ್ಣದು ಮಾಡಿ. ಯಾವುದೆಂದು ಅನುಮಾನ ಬಂದರೂ ಸಣ್ಣದನ್ನೇ ಹಿಡಿಯಿರಿ. ಹಗ್ಗವನ್ನು ಮೈಗೆ ಕಟ್ಟಬೇಡಿ, ಕೈಗೆ ಸುತ್ತಬೇಡಿ. ಕರೆಂಟಿನ ತಂತಿ, ಬೇಲಿ, ಬಾವಿ ಇರುವ ಕಡೆ ಹೋಗಬೇಡಿ, ಮೋಡ ಕಪ್ಪಾದರೆ ಮನೆಗೆ ಬನ್ನಿ. ಇಷ್ಟು ಹೇಳಿದ ಮೇಲೂ ದೊಡ್ಡದೇ ಬೇಕೆನ್ನುವವರು ನಿಮ್ಮ ಮನೆಯಲ್ಲಿದ್ದರೆ, ಮೊದಲು ಒಂದು ಚೀಲಕ್ಕೆ ಕಟ್ಟಿ ತೋರಿಸಿ. ಚೀಲ ಹರಿದರೆ ನಾನು ಹೊಲಿದುಕೊಡುತ್ತೇನೆ.