ಆದಿನಾರಾಯಣಪ್ಪನ ಹೆಬ್ಬೆರಳಿನ ದರ್ಶನ

ಆವತಿ ಊರ ಪಕ್ಕದ ಒಂದು ಹಳ್ಳಿ. ಅಲ್ಲಿನ ದ್ರಾಕ್ಷಿ ಬೆಳೆಗಾರ ಆದಿನಾರಾಯಣಪ್ಪ ಒಂದು ಬೆಳಿಗ್ಗೆ ಬದು ಕಡಿಯೋಕೆ ಹೋಗಿ ಗುದ್ದಲಿನ ತನ್ನ ಕಾಲಿನ ಹೆಬ್ಬೆರಳ ಮೇಲೇ ಹಾಕ್ಕೊಂಡ್ಬಿಟ್ಟ. "ಬದು ಅಷ್ಟುದ್ದ ಐತೆ, ಬೆರಳು ಇಷ್ಟೇ ಐತೆ. ಅದು ಹೆಂಗೆ ಸಿಕ್ತು ನಿಮಗೆ?" ಅಂತ ಹೆಂಡತಿ ಮುನಿರತ್ನಮ್ಮ ಬಯ್ಕೊಂಡೇ ಆರೋಗ್ಯ ಕೇಂದ್ರಕ್ಕೆ ಕರ್ಕೊಂಡು ಹೋದಳು. ಅಲ್ಲಿನ ಸಿಸ್ಟರ್ ಯಶಸ್ವಿನಿ ಗಾಯ ತೊಳೆದು, ಟಿ.ಟಿ. ಇಂಜೆಕ್ಷನ್ ಕೊಟ್ಟು, ಪಟ್ಟಿ ಕಟ್ಟಿ, "ಡ್ರೆಸಿಂಗ್‌ಗೆ ಇಲ್ಲಿಗೇ ಬನ್ನಿ. ಮನೇಲಿ ಯಾರೂ ಬಿಚ್ಚಬೇಡಿ. ಸಕ್ಕರೆ ಕಾಯಿಲೆ ಮಾತ್ರೆ ತಪ್ಪಿಸ್ಬೇಡಿ" ಅಂದಳು.

ಆದಿನಾರಾಯಣಪ್ಪ ತಲೆ ಆಡಿಸಿದ. ತಲೆ ಆಡಿಸೋದ್ರಲ್ಲಿ ಆತ ಎತ್ತಿದ ಕೈ.

ನಮ್ಮ ಕಡೆ ಒಂದು ಪದ್ಧತಿ ಐತಲ್ಲ, ಯಾರಿಗಾದ್ರೂ ಏಟಾದ್ರೆ ಊರಿಗೆ ಊರೇ ನೋಡ್ಕೊಂಡು ಹೋಗೋಕೆ ಬರುತ್ತೆ. ಬಂದೋರು ಬರೀ ಮನುಷ್ಯನ ಮುಖ ನೋಡಿ ಎದ್ದು ಹೋಗ್ತಾರಾ? ಗಾಯನೇ ನೋಡ್ಬೇಕು. ಮೊದಲು ಬಂದೋಳು ಪಕ್ಕದ ಮನೆ ಪಾಪಕ್ಕ. "ಎಲ್ಲಿ, ತೋರ್ಸಪ್ಪಾ" ಅಂದಳು. ಈತ ಪಟ್ಟಿ ಬಿಚ್ಚಿದ. "ಅಯ್ಯೋ ಶಿವನೇ!" ಅಂತ ಪಾಪಕ್ಕ ಎದೆ ಮೇಲೆ ಕೈ ಇಟ್ಕೊಂಡಳು. ಆದಿನಾರಾಯಣಪ್ಪನಿಗೆ ಒಳಗೊಳಗೇ ಖುಷಿ. ಹುಟ್ಟಿದಾಗಿಂದ ಆತನ ಹೆಬ್ಬೆರಳನ್ನ ಯಾರೂ ಅಷ್ಟು ಗಮನ ಇಟ್ಟು ನೋಡಿರ್ಲಿಲ್ಲ.

ಆಮೇಲೆ ಬಂದೋನು ಜೊತೆಗಾರ ಬೈರಣ್ಣ. "ಇದೇನ್ಲಾ, ಬರೀ ಬಟ್ಟೆ ಸುತ್ತವ್ರೆ? ಅತ್ತಿಗೆ, ಒಂದಿಷ್ಟು ಕಾಫಿಪುಡಿ ತಗೊಂಬನ್ನಿ" ಅಂದ. ಕಾಫಿಪುಡಿ ಬಿತ್ತು. ಸಾಯಂಕಾಲ ಬಂದೋರು ಅದನ್ನ ಕೆರೆದು ಸುಣ್ಣ ಅರಿಶಿನ ಹಚ್ಚಿದ್ರು. ಮಾರನೇ ದಿನದೋರು ಅದರ ಮೇಲೆ ಒಲೆ ಬೂದಿ ಉದುರಿಸಿದ್ರು. ಬಂದೋರಿಗೆಲ್ಲ ಬಿಚ್ಚೋದು, ತೋರ್ಸೋದು, ಮತ್ತೆ ಸುತ್ತೋದು. ಡ್ರೆಸಿಂಗ್‌ಗೆ ಹೋಗೋಕೆ ಪುರುಸೊತ್ತೆಲ್ಲಿ? ವಾರ ಕಳೆಯೋದ್ರೊಳಗೆ ಆ ಬೆರಳ ಮೇಲೆ ಒಂದು ಅರ್ಧ ಅಡುಗೆಮನೆನೇ ಇತ್ತು.

ಬೆರಳು ಊದ್ಕೊಂಡ್ತು, ವಾಸನೆ ಬಂತು. ಮುನಿರತ್ನಮ್ಮ ಗಾಬರಿಯಾಗಿ ಯಶಸ್ವಿನಿಗೆ ಫೋನ್ ಮಾಡಿದಳು.

ಸಿಸ್ಟರ್ ಸ್ಕೂಟಿ ತಗೊಂಡು ತೋಟಕ್ಕೇ ಬಂದಳು. ಯಜಮಾನ್ರು ಚಪ್ಪರದ ಪಕ್ಕ ಪ್ಲಾಸ್ಟಿಕ್ ಕುರ್ಚಿ ಮೇಲೆ ಕಾಲು ಚಾಚ್ಕೊಂಡು ಕೂತಿದ್ರು. ಪಟ್ಟಿ ತೆಗೆದು ನೋಡಿದವಳ ಮುಖ ಸಣ್ಣಗಾಯ್ತು.

"ಯಜಮಾನ್ರೇ, ಒಳಗೆ ಕೀವು ಆಗಿದೆ. ಈಗ್ಲೇ ತಾಲ್ಲೂಕು ಆಸ್ಪತ್ರೆಗೆ ಹೋಗ್ಬೇಕು. ಸಕ್ಕರೆ ಇರೋ ಮೈ ನಿಮ್ಮದು. ಹಿಂಗೇ ಬಿಟ್ರೆ ಬೆರಳೇ ತೆಗೀಬೇಕಾಗುತ್ತೆ."

ಮುನಿರತ್ನಮ್ಮ ಸೆರಗಲ್ಲಿ ಮುಖ ಮುಚ್ಕೊಂಡಳು. ಆದಿನಾರಾಯಣಪ್ಪನಿಗೂ ಹೆದರಿಕೆ ಆಯ್ತು. ಮಾತಲ್ಲಿ ಮಾತ್ರ ಬಿಗುಮಾನ ಬಿಡಲಿಲ್ಲ. "ನಾಳೆ ನೋಡಣ. ಬೈರಣ್ಣ ಯಾವ್ದೋ ಸೊಪ್ಪು ತರ್ತೀನಿ ಅಂದವ್ನೆ."

ಬೈರಣ್ಣ ಸೊಪ್ಪು ಹಿಡ್ಕೊಂಡು ಬಂದೂ ಬಿಟ್ಟ. "ಇದನ್ನ ಅರೆದು ಕಟ್ಟಿದ್ರೆ ಮುಗೀತು. ಸಿಸ್ಟರ್, ಗಾಯಕ್ಕೆ ಗಾಳಿ ಆಡ್ಬೇಕು. ಮುಚ್ಚಿಟ್ರೆ ಕೊಳೆಯಲ್ವಾ?"

"ಕೊಳೆತಿರೋದು ಬಿಚ್ಚಿ ಬಿಚ್ಚಿ ಅಣ್ಣಾ" ಅಂದಳು ಯಶಸ್ವಿನಿ. "ನಮ್ಮ ಚರ್ಮ ಆಗಿರೋದೇ ಜೀವಕೋಶಗಳಿಂದ. ಕಣ್ಣಿಗೆ ಕಾಣಲ್ಲ, ಅಷ್ಟು ಚಿಕ್ಕವು. ಒಂದನ್ನೊಂದು ಹಿಡ್ಕೊಂಡು ಕೂತಿರ್ತವೆ. ಗಾಯ ಆದ್ರೆ ಅಂಚಲ್ಲಿರೋ ಕೋಶಕ್ಕೆ ಪಕ್ಕದ್ದು ಇಲ್ಲ ಅಂತ ಗೊತ್ತಾಗುತ್ತೆ. ಆಗ ಒಂದಕ್ಕೊಂದು ಹೇಳಿಕಳಿಸ್ತವೆ, ಇಲ್ಲಿ ಜಾಗ ಖಾಲಿ ಐತೆ, ಮುಂದೆ ಬನ್ನಿ ಅಂತ."

"ಮಾತಾಡ್ತವಾ?" ಆದಿನಾರಾಯಣಪ್ಪನ ಕಣ್ಣು ಅಗಲ ಆಯ್ತು. "ಕನ್ನಡದಾಗೋ ತೆಲುಗಲ್ಲೋ? ನಮ್ಮ ಅವ್ವನ ಕಡೆಯೋರು ತೆಲುಗು ಮಾತಾಡೋರು."

"ಎರಡೂ ಅಲ್ಲ. ಬಾಯಿಲ್ಲದಿದ್ರೂ ಸಣ್ಣ ಸಣ್ಣ ರಸ ಬಿಟ್ಟು ಸುದ್ದಿ ಮುಟ್ಟಿಸ್ತವೆ. ಸುದ್ದಿ ಬಂದ ಮೇಲೆ ಅಂಚಿನ ಕೋಶಗಳು ತೆವಳ್ಕೊಂಡು ಹೊರಡ್ತವೆ. ತೆವಳೋಕೆ ಹಿಡಿತ ಬೇಕಲ್ಲ? ಗಾಯದ ತಳದಲ್ಲಿ ತೇವವಾದ, ಮೆತ್ತನೆ ಹಾಸು ಇರುತ್ತೆ. ಅದನ್ನ ಹಿಡ್ಕೊಂಡು ಮುಂದೆ ಮುಂದೆ ಬರ್ತವೆ. ಆ ಕಡೆಯಿಂದ ಬಂದಿದ್ದು, ಈ ಕಡೆಯಿಂದ ಬಂದಿದ್ದು ತಾಗಿದ ತಕ್ಷಣ ಎರಡೂ ನಿಲ್ತವೆ. ಅಲ್ಲಿಗೆ ಗಾಯ ಮುಚ್ತು ಅಂತ ಲೆಕ್ಕ."

"ಮತ್ತೆ ನಂದ್ಯಾಕೆ ಮುಚ್ಲಿಲ್ಲ?"

"ಎಲ್ಲಿ ಬಿಟ್ರಿ ಮುಚ್ಚೋಕೆ? ಅವು ಪಾಪ ಕಷ್ಟಪಟ್ಟು ಸ್ವಲ್ಪ ದೂರ ಬರ್ತವೆ, ಪಾಪಕ್ಕ ಬಂದ್ರು ಅಂತ ನೀವು ಪಟ್ಟಿ ಕೀಳ್ತೀರ. ಹಾಸು ಸಮೇತ ಕಿತ್ಕೊಂಡು ಬರುತ್ತೆ. ಕಾಫಿಪುಡಿ, ಬೂದಿ ಹಾಕಿದ್ರೆ ದಾರಿಗೆ ಕಲ್ಲು ಸುರಿದಂಗೆ. ಹೊರಗಿನ ಕ್ರಿಮಿಗಳು ಆ ಪುಡಿಗೇ ಅಂಟ್ಕೊಂಡು, ಗುಂಪು ಕಟ್ಟಿ, ಮೇಲೆ ಲೋಳೆ ಹೊದ್ಕೊಂಡು ಕೂರ್ತವೆ. ಆಮೇಲೆ ಔಷಧಿನೂ ಒಳಗೆ ಸುಲಭವಾಗಿ ಹೋಗಲ್ಲ. ಸಾಲದ್ದಕ್ಕೆ ಸಕ್ಕರೆ ಬೇರೆ. ರಕ್ತದಲ್ಲಿ ಸಕ್ಕರೆ ಏರಿದ್ರೆ ನಿಮ್ಮ ಕೋಶಗಳ ಕೆಲಸ ಮಂದ ಆಗುತ್ತೆ."

"ಕಥೆ ಚೆನ್ನಾಗೈತೆ" ಅಂದ ಆದಿನಾರಾಯಣಪ್ಪ. "ಆದ್ರೆ ಮುಚ್ಚಿಟ್ರೆ ಒಳಗೆ ಏನಾಗ್ತೈತೆ ಅಂತ ಗೊತ್ತಾಗೋದು ಹೆಂಗೆ? ಬಿಚ್ಚಿ ನೋಡ್ಲೇಬೇಕಲ್ಲ!"

ಬೈರಣ್ಣನಿಗೆ ಈ ಪಾಠ ಕೇಳಿ ಆಗ್ಲೇ ಬೇಜಾರಾಗಿತ್ತು. ಎದ್ದು ತೋಟದೊಳಗೆ ಹೋದ. ಹೊಸದಾಗಿ ದಿಲ್‌ಕುಶ್ ಅನ್ನೋ ದ್ರಾಕ್ಷಿ ತಳಿ ಕಸಿ ಕಟ್ಟಿದ ಸಾಲು ಅದು. ಕಾಡು ದ್ರಾಕ್ಷಿ ಬುಡಕ್ಕೆ ದಿಲ್‌ಕುಶ್ ಕಡ್ಡಿ ಕೂರಿಸಿ, ಪ್ಲಾಸ್ಟಿಕ್ ಪಟ್ಟಿ ಬಿಗಿದು ಬಿಟ್ಟಿದ್ರು. ಹತ್ತೈತೋ ಇಲ್ವೋ ನೋಡಣ ಅಂತ ಬೈರಣ್ಣ ಒಂದು ಗಿಡದ ಪಟ್ಟಿಗೆ ಉಗುರು ಹಾಕಿದ.

ಅಷ್ಟೇ. ಆದಿನಾರಾಯಣಪ್ಪ ಕುರ್ಚಿಯಿಂದ ಒಂಟಿ ಕಾಲಲ್ಲಿ ನೆಗೆದ.

"ಲೋ ಬೈರಾ! ತೆಗಿಯೋ ಕೈನ! ಒಳಗೆ ಎರಡು ಕಡ್ಡಿ ಕೂಡ್ಕೊಳ್ತಾ ಇರ್ತವೆ ಕಣೋ! ಪಟ್ಟಿ ಬಿಚ್ಚಿದ್ರೆ ಗಾಳಿ ಹೊಕ್ಕು ಒಣಗಿ ಹೋಗ್ತೈತೆ. ಬಂದ್ ಬಂದೋರಿಗೆಲ್ಲ ಬಿಚ್ಚಿ ತೋರಿಸ್ತಾ ಕೂತ್ರೆ ಯಾವ ಕಸಿ ಹತ್ತುತ್ತೋ? ಅಷ್ಟೂ ತಿಳುವಳಿಕೆ ಬೇಡ್ವಾ ನಿನಗೆ?"

ಬೈರಣ್ಣ ಥಟ್ಟನೆ ಕೈ ತೆಗೆದ. ಮುನಿರತ್ನಮ್ಮ ಸೆರಗಲ್ಲಿ ಕಣ್ಣೊರೆಸ್ಕೊಂಡು ಗಂಡನ ಕಡೆ ತಿರುಗಿದಳು.

"ಇನ್ನೊಂದ್ ಸಲ ಹೇಳಿ. ನನಗೆ ಸರಿಯಾಗಿ ಕೇಳಿಸ್ಲಿಲ್ಲ."

ಆದಿನಾರಾಯಣಪ್ಪ ಗಿಡ ನೋಡಿದ, ಬೆರಳು ನೋಡಿದ. ಆಡಿದ ಮಾತು ತನಗೇ ಬಂದು ಬಡಿದಂಗಾಯ್ತು. "ಸಿಸ್ಟರಮ್ಮ, ಗಿಡದಾಗೂ ಅವೇನಾ? ಆ ಕೋಶಗಳು?" ಅಂತ ಮೆಲ್ಲಗೆ ಕೇಳಿದ.

"ಅಲ್ಲೂ ಕೋಶಗಳೇ. ಎರಡು ಕಡ್ಡಿಯವೂ ಬೆಳೆದು, ಒಂದಕ್ಕೊಂದು ತಾಗಿ, ಬೆಸೆದ್ಕೊಳ್ತವೆ. ಗಿಡದ ದಾರಿ ಬೇರೆ, ನಮ್ಮ ದಾರಿ ಬೇರೆ. ಎರಡಕ್ಕೂ ಬೇಕಾಗಿರೋದು ಒಂದೇ, ನಾವು ಕೈ ಹಾಕ್ದೆ ಇರೋದು."

"ಬೈರಾ, ಸೊಪ್ಪನ್ನ ನಿಮ್ಮ ಮೇಕೆಗೆ ಹಾಕು. ಬೈಕ್ ತೆಗಿ, ಆಸ್ಪತ್ರೆಗೆ ಹೋಗಣ" ಅಂದ ಆದಿನಾರಾಯಣಪ್ಪ.

ಡಾಕ್ಟರು ಕೀವು ತೆಗೆದ್ರು, ಚೆನ್ನಾಗಿ ಬೈದ್ರು, ಬೆರಳು ಉಳಿಸಿದ್ರು. ಸಕ್ಕರೆನ ಹತೋಟಿಗೆ ತಂದ್ರು. ಇನ್ನೂ ಸ್ವಲ್ಪ ದಿನ ತಡ ಮಾಡಿದ್ರೆ ಬೆರಳು ಇರ್ತಿರ್ಲಿಲ್ಲ ಅಂದಿದ್ದು ಕೇಳಿ ಮುನಿರತ್ನಮ್ಮ ಆಸ್ಪತ್ರೆ ಬೆಂಚಿನ ಮೇಲೇ ಅತ್ತುಬಿಟ್ಟಳು. ಆಮೇಲೆ ಡ್ರೆಸಿಂಗ್ ಆಗಿದ್ದೆಲ್ಲ ಯಶಸ್ವಿನಿ ಕೈಯಲ್ಲೇ. ನೋಡೋಕೆ ಬಂದೋರಿಗೆ ಆದಿನಾರಾಯಣಪ್ಪ, "ಒಳಗೆ ಕೆಲಸ ನಡೀತೈತೆ, ಆಳುಗಳಿಗೆ ತೊಂದರೆ ಕೊಡ್ಬೇಡಿ" ಅಂತಿದ್ದ.

ಕೊನೇ ಪಟ್ಟಿ ತೆಗೆದ ದಿನ ಬೈರಣ್ಣನೇ ಮುಂದೆ ನಿಂತಿದ್ದ. ಬಗ್ಗಿ ಬಗ್ಗಿ ನೋಡಿದ. ಸಣ್ಣದೊಂದು ಗೆರೆ ಬಿಟ್ರೆ ಬೆರಳು ನುಣ್ಣಗಿತ್ತು.

"ಇಷ್ಟೇನಾ? ಏನೂ ಕಾಣ್ಸಲ್ವಲ್ಲೋ!"

"ಏನೂ ಕಾಣ್ಬಾರ್ದು ಅಂತಾನೇ ಇಷ್ಟು ದಿನ ಮುಚ್ಚಿಟ್ಕೊಂಡಿದ್ದು ಕಣೋ."

ಕೇಳಿದ್ರಲ್ಲ ಅಕ್ಕಂದ್ರೇ, ಅಣ್ಣಂದ್ರೇ? ಏಟಾದ್ರೆ ಶುದ್ಧ ನೀರಲ್ಲಿ ತೊಳೀರಿ, ಚೊಕ್ಕ ಬಟ್ಟೆ ಮುಚ್ಚಿ, ನೇರ ಆರೋಗ್ಯ ಕೇಂದ್ರಕ್ಕೆ ಹೋಗಿ. ಕಾಫಿಪುಡಿನ ಕಾಫಿಗೆ ಹಾಕಿ, ಅರಿಶಿನನ ಸಾರಿಗೆ ಹಾಕಿ. ಡ್ರೆಸಿಂಗ್ ಯಾವಾಗ ಬದಲಾಯಿಸ್ಬೇಕು ಅಂತ ಸಿಸ್ಟರನ್ನೇ ಕೇಳಿ. ಊತ, ಕೀವು, ವಾಸನೆ, ಜ್ವರ ಕಂಡ್ರೆ ನಾಳೆ ಅನ್ನಬೇಡಿ, ಅವತ್ತೇ ಹೋಗಿ. ಸಕ್ಕರೆ ಕಾಯಿಲೆ ಇದ್ರಂತೂ ಚಿಕ್ಕ ಗಾಯನೂ ಕಡೆಗಣಿಸ್ಬೇಡಿ. ಇನ್ನು ನೀವೇ ಯಾರನ್ನಾದ್ರೂ ನೋಡೋಕೆ ಹೋದಾಗ ಪಕ್ಕದಲ್ಲಿ ಕೂತು ಮಾತಾಡಿ, ಮನೆಯೋರಿಗೆ ಧೈರ್ಯ ಹೇಳಿ, ಆಸ್ಪತ್ರೆಗೆ ಹೋಗೋಕೆ ಗಾಡಿ ಬೇಕಾ ಕೇಳಿ. ನೀವು ಆ ಗಾಯ ನೋಡ್ದೆ ಎದ್ದು ಬಂದ್ರೆ ಅದೇ ನೀವು ಮಾಡೋ ದೊಡ್ಡ ಉಪಕಾರ.